ಮನೇಲಿರೋ ಹಳೆ ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಹಾಕೋದು ಹೇಗೆ? ಅಜ್ಜಿ ಹೇಳಿದ ಹಾಡುಗಳಿವೆ, ಸಹಾಯ ಮಾಡಿ

ಹನುಮಂತನಗರ_ವಾಸಿ

ನಮಸ್ಕಾರ ಎಲ್ರಿಗೂ. ನಮ್ಮನೇಲಿ ಒಂದು ಟ್ರಂಕ್ ತುಂಬ ಹಳೆ ಕ್ಯಾಸೆಟ್ ಇದೆ, ಅದನ್ನ ಕಂಪ್ಯೂಟರ್‌ಗೆ ಹಾಕ್ಕೋಬೇಕು, ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಅರ್ಧ ಅಂಗಡೀಲಿ ಕೊಂಡಿದ್ದು, ಸಿ. ಅಶ್ವಥ್, ಮೈಸೂರು ಅನಂತಸ್ವಾಮಿ ಅವರ ಭಾವಗೀತೆ, ದಾಸರ ಪದ, ರಾಜ್‌ಕುಮಾರ್ ಅವರ ಭಕ್ತಿಗೀತೆ, ಹೀಗೆ. ಇನ್ನರ್ಧ ಮನೇಲೇ ರೆಕಾರ್ಡ್ ಮಾಡಿದ್ದು. ನಮ್ಮಜ್ಜಿ ಸಂಪ್ರದಾಯದ ಹಾಡು ಹೇಳ್ತಿದ್ರು, ಹಸೆಗೆ ಕರೆಯೋ ಹಾಡು, ಎಣ್ಣೆಶಾಸ್ತ್ರದ ಹಾಡು, ಬೀಗರನ್ನ ಹಂಗಿಸೋ ಹಾಡು, ಅದನ್ನೆಲ್ಲ ನಮ್ಮ ಸೋದರತ್ತೆ ಅಜ್ಜೀನ ಕೂರಿಸ್ಕೊಂಡು ಟೇಪ್ ಮಾಡಿಟ್ಟಿದ್ರು. ಅಜ್ಜಿ ಈಗಿಲ್ಲ, ಆ ಹಾಡುಗಳು ಪೂರ್ತಿ ಬರೋರು ನಮ್ಮ ಕುಟುಂಬದಲ್ಲಿ ಯಾರೂ ಉಳಿದಿಲ್ಲ. ಅಪ್ಪ ಆಕಾಶವಾಣಿಯಿಂದ ಹಿಡಿದ ಕಚೇರಿಗಳೂ ಒಂದಷ್ಟಿವೆ.

ಮನೇಲಿರೋ ಟೂ-ಇನ್-ಒನ್ ಪ್ಲೇ ಒತ್ತಿದ್ರೆ ಗುಂಯ್ ಅನ್ನತ್ತೆ, ಚಕ್ರ ತಿರುಗಲ್ಲ. ಆನ್‌ಲೈನಲ್ಲಿ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಅಂತ ವಾಕ್‌ಮನ್ ಸೈಜಿಂದು ಸಿಗತ್ತೆ, ನೇರವಾಗಿ ಎಂಪಿ3 ಮಾಡ್ಕೊಡತ್ತಂತೆ, ಅದು ತಗೋಬಹುದಾ? ಲ್ಯಾಪ್‌ಟಾಪಲ್ಲಿ ಹೆಡ್‌ಫೋನ್ ತೂತು ಒಂದೇ ಇರೋದು. ಇನ್ನೊಂದು ವಿಷಯ, ಕೆಲವು ಕ್ಯಾಸೆಟ್ ಕಿಟಕೀಲಿ ನೋಡಿದ್ರೆ ಟೇಪಿನ ಸುರುಳಿ ಅಂಚಲ್ಲಿ ಬಿಳಿ ಪುಡಿ ಥರ ಕಾಣ್ತಿದೆ, ಅದೇನು?

ರಾಜಾಜಿನಗರ_ಟೇಪ್‌ರಿಪೇರಿ

ಮೊದಲು ಒಂದು ಮಾತು, ಬಿಳಿ ಪುಡಿ ಇರೋ ಕ್ಯಾಸೆಟ್‌ಗಳನ್ನ ಯಾವ ಪ್ಲೇಯರ್‌ಗೂ ಹಾಕ್ಬೇಡಿ. ಅದು ಬೂಷ್ಟು. ಬೆಂಗಳೂರಿನ ಮಳೆಗಾಲದಲ್ಲಿ ಗೋಡೆ ಪಕ್ಕ ಇಟ್ಟಿರೋ ಟ್ರಂಕಲ್ಲಿ ಇದು ಬರೋದೇ. ಒಂದು ಸಲ ಓಡಿಸಿದ್ರೆ ಆ ಬೂಷ್ಟು ಹೆಡ್‌ಗೆ (ಟೇಪನ್ನ ಓದೋ ಭಾಗ), ರೋಲರ್‌ಗೆ ಅಂಟ್ಕೊಂಡು ಆಮೇಲೆ ಹಾಕೋ ಒಳ್ಳೆ ಕ್ಯಾಸೆಟ್‌ಗೂ ಹರಡತ್ತೆ. ಅವನ್ನ ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿರೋ ಡಬ್ಬೀಲಿ ಮುಚ್ಚಿಡಿ, ತೇವ ಪೂರ್ತಿ ಹೋಗ್ಲಿ. ಬಿಸಿಲಿಗೆ ಇಡಬೇಡಿ, ಟೇಪು ಮುದುಡ್ಕೊಳತ್ತೆ. ಮುಟ್ಟೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಮೂಗಿಗೆ ಹೋದ್ರೆ ಅಲರ್ಜಿ ಇರೋರಿಗೆ ತುಂಬ ತೊಂದ್ರೆ.

ಎರಡನೇದು, ಇವತ್ತೇ ಕೂತ್ಕೊಂಡು ಮನೇಲಿ ರೆಕಾರ್ಡ್ ಮಾಡಿದ ಎಲ್ಲ ಕ್ಯಾಸೆಟ್‌ಗಳ ಹಿಂದಿನ ಅಂಚಲ್ಲಿರೋ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನ ಮುರಿದುಬಿಡಿ. ಆ ಹಲ್ಲು ಇದ್ರೆ ರೆಕಾರ್ಡ್ ಬಟನ್ ಒಳಗೆ ಹೋಗತ್ತೆ, ಯಾರಾದ್ರೂ ಕೈತಪ್ಪಿ ಒತ್ತಿದ್ರೆ ಅಜ್ಜಿ ಧ್ವನಿ ಹೋಯ್ತು, ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಹಲ್ಲು ಮುರಿದ್ರೆ ಪ್ಲೇ ಆಗೋದಕ್ಕೆ ಏನೂ ಅಡ್ಡಿಯಿಲ್ಲ.

ಮೂರನೇದು ಆ ಯುಎಸ್‌ಬಿ ವಾಕ್‌ಮನ್. ದಯವಿಟ್ಟು ಬೇಡ. ಅದರಲ್ಲಿರೋ ಮೋಟರ್ ಮತ್ತೆ ಫ್ಲೈವೀಲ್ (ಸ್ಪೀಡ್ ಸಮ ಇಡೋ ಚಕ್ರ) ತೀರಾ ಹಗುರ, ಟೇಪಿನ ಸ್ಪೀಡ್ ಒಂದೇ ಸಮ ನಿಲ್ಲಲ್ಲ, ದೀರ್ಘವಾಗಿ ಹಿಡಿದ ಸ್ವರ ಎಲ್ಲ ನಡುಗತ್ತೆ. ಒಂದು ಸಲ ನಡುಗಿದ್ದು ಫೈಲಲ್ಲಿ ಕೂತ್ರೆ ಅದನ್ನ ಸರಿ ಮಾಡೋದು ಬಹಳ ಕಷ್ಟ. ಜನ ಎಲ್ಲ ಸಾಫ್ಟ್‌ವೇರ್ ಯಾವುದು ಅಂತ ಕೇಳ್ತಾರೆ, ಆದ್ರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಒಳ್ಳೇದು ಕೆಟ್ಟದ್ದು ತೀರ್ಮಾನ ಆಗೋದು ಟೇಪು ಹೆಡ್ ಮುಂದೆ ಹಾದುಹೋಗೋ ಆ ಜಾಗದಲ್ಲಿ. ಅಲ್ಲಿ ಸರಿಯಾಗಿ ಬಂದ್ರೆ ಕಂಪ್ಯೂಟರಲ್ಲಿ ಮಾಡೋಕೆ ಹೆಚ್ಚೇನೂ ಉಳಿಯಲ್ಲ.

ಹನುಮಂತನಗರ_ವಾಸಿ

ಥ್ಯಾಂಕ್ಸ್ ಸಾರ್, ಹಲ್ಲು ಈಗಲೇ ಮುರಿತೀನಿ. ಹಾಗಾದ್ರೆ ಯಾವ ಪ್ಲೇಯರ್ ತಗೋಬೇಕು, ಹೊಸದು ಒಳ್ಳೇದು ಎಲ್ಲೂ ಸಿಗ್ತಿಲ್ವಲ್ಲ?

ರಾಜಾಜಿನಗರ_ಟೇಪ್‌ರಿಪೇರಿ

ಹಳೇದೇ ಹುಡುಕಿ. ಸ್ಟೀರಿಯೋ ಸಿಸ್ಟಮ್ ಜೊತೆ ಬರ್ತಿದ್ವಲ್ಲ ಟೇಪ್ ಡೆಕ್, ಹಿಂದುಗಡೆ ಕೆಂಪು ಬಿಳಿ ಎರಡು ಆರ್‌ಸಿಎ ಸಾಕೆಟ್ ಇರತ್ತೆ, ಲೈನ್ ಔಟ್ ಅಂತ ಬರೆದಿರತ್ತೆ, ಅದು ಸಿಕ್ರೆ ಅತ್ಯುತ್ತಮ. ನೆಂಟರ ಮನೇಲಿ ಶೋಕೇಸ್ ಕೆಳಗೆ ಯಾರಾದ್ರೂ ಇಟ್ಟಿರ್ತಾರೆ, ಮೊದಲು ಅಲ್ಲಿ ಕೇಳಿ. ಇಲ್ಲಾಂದ್ರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಭಾನುವಾರದ ಸಂಡೆ ಬಜಾರ್‌ಗೆ ಬೆಳಿಗ್ಗೆ ಬೇಗ ಹೋಗಿ, ಜೇಬಲ್ಲಿ ಒಂದು ಬೇಡದ ಕ್ಯಾಸೆಟ್ ಇಟ್ಕೊಂಡು ಹೋಗಿ, ಅಲ್ಲೇ ಓಡಿಸಿ ನೋಡದೆ ದುಡ್ಡು ಕೊಡಬೇಡಿ.

ನಿಮ್ಮ ಟೂ-ಇನ್-ಒನ್ ಗುಂಯ್ ಅಂತಿದೆ ಅಂದ್ರೆ ಮೋಟರ್ ಬದುಕಿದೆ, ಬೆಲ್ಟ್ ಹೋಗಿದೆ ಅಷ್ಟೇ. ರಬ್ಬರ್ ಬೆಲ್ಟು ವರ್ಷಗಳಾದ್ಮೇಲೆ ಸಡಿಲ ಆಗತ್ತೆ, ಕೆಲವು ಕರಗಿ ಡಾಂಬರಿನ ಥರ ಕಪ್ಪಗೆ ಅಂಟು ಅಂಟಾಗಿ ಪುಲ್ಲಿಗೆ ಮೆತ್ಕೊಂಡಿರತ್ತೆ. ಅದನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಪೂರ್ತಿ ಒರೆಸಿ ತೆಗೆದು ಹೊಸ ಬೆಲ್ಟ್ ಹಾಕ್ಬೇಕು. ಎಸ್.ಪಿ. ರೋಡಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, ಹಳೆ ಬೆಲ್ಟ್ ತುಂಡಾಗಿದ್ರೂ ಸರಿ, ಅದನ್ನೇ ತಗೊಂಡು ಹೋಗಿ ತೋರಿಸಿ, ಉದ್ದ ಗೊತ್ತಾಗ್ಬೇಕಲ್ಲ.

ಯಾವ ಮೆಷಿನ್ ಆದ್ರೂ ಸರಿ, ಮೊದಲ ಕ್ಯಾಸೆಟ್ ಹಾಕೋ ಮುಂಚೆ ಹೆಡ್ಡು, ಪಕ್ಕದಲ್ಲಿರೋ ತೆಳು ಉಕ್ಕಿನ ಕ್ಯಾಪ್‌ಸ್ಟನ್ ಕಡ್ಡಿ, ಕಪ್ಪು ರಬ್ಬರ್ ಪಿಂಚ್ ರೋಲರ್, ಮೂರನ್ನೂ ಅದೇ ಆಲ್ಕೋಹಾಲಲ್ಲಿ ಕಿವಿಗೆ ಹಾಕೋ ಬಡ್ಸ್ ಅದ್ದಿ ಒರೆಸಿ, ಬಡ್ಸ್‌ಗೆ ಕಂದು ಬಣ್ಣ ಬರೋದು ನಿಲ್ಲೋ ತನಕ. ಟೇಪ್ ಸುತ್ಕೊಂಡು ಹಾಳಾಗೋದು ಹೆಚ್ಚಾಗಿ ಗಲೀಜು ರೋಲರ್‌ನಿಂದಾನೇ.

ಯಲಹಂಕ_ಆಡಿಯೋ

ಲ್ಯಾಪ್‌ಟಾಪ್ ಕಡೆ ವಿಷಯ ನಾನು ಹೇಳ್ತೀನಿ. ಆ ಒಂದೇ ತೂತಿಗೆ ಡೆಕ್ ವೈರ್ ಸಿಗಿಸೋ ಪ್ರಯತ್ನ ಮಾಡ್ಬೇಡಿ, ಅದರಲ್ಲಿ ಒಳಗೆ ಬರೋ ದಾರಿ ಮೈಕ್‌ಗೆ ಮಾತ್ರ ಇರೋದು, ಅದೂ ಮಾನೋ, ಮೈಕಿನ ಸಣ್ಣ ಸಿಗ್ನಲ್‌ಗೆ ಅಂತ ಮಾಡಿರೋದ್ರಿಂದ ಡೆಕ್‌ನ ಸಿಗ್ನಲ್ ಕೊಟ್ರೆ ಗೊರಗೊರ ಅಂತ ಒಡೆಯತ್ತೆ. ಡೆಸ್ಕ್‌ಟಾಪ್ ಇದ್ರೆ ಹಿಂದುಗಡೆ ತಿಳಿನೀಲಿ ಬಣ್ಣದ ಸಾಕೆಟ್ ಲೈನ್ ಇನ್, ಅದು ಆಗತ್ತೆ. ಗುಲಾಬಿ ಬಣ್ಣದ್ದು ಮೈಕು, ಅದಲ್ಲ. ಲ್ಯಾಪ್‌ಟಾಪ್‌ಗೆ ಆರ್‌ಸಿಎ ಇನ್‌ಪುಟ್ ಇರೋ ಪುಟ್ಟ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತಗೊಳ್ಳಿ, ಬೆಹ್ರಿಂಜರ್ ಯುಸಿಎ202 ಥರದ್ದು ಈ ಕೆಲಸಕ್ಕೆ ಧಾರಾಳ ಸಾಕು. ಟೂ-ಇನ್-ಒನ್‌ನಿಂದ ಮಾಡೋದಾದ್ರೆ ಅದರ ಇಯರ್‌ಫೋನ್ ಸಾಕೆಟ್‌ನಿಂದ ಎರಡು ಆರ್‌ಸಿಎಗೆ ಹೋಗೋ ಕೇಬಲ್, ವಾಲ್ಯೂಮ್ ಕಡಿಮೆಯಿಂದ ಶುರು ಮಾಡಿ ಏರಿಸಿ, ಬಾಸ್ ಬೂಸ್ಟ್ ಇದ್ರೆ ಆಫ್, ಟೋನ್ ಮಧ್ಯಕ್ಕೆ.

ವಿಂಡೋಸ್‌ನಲ್ಲಿ ಒಂದು ಕಾಣದ ಶತ್ರು ಇದೆ. ಯಾವ ಇನ್‌ಪುಟ್ ಬಂದ್ರೂ ಅದನ್ನ ವಿಡಿಯೋ ಕಾಲ್ ಅಂದ್ಕೊಂಡು ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಅಂತ ಹಾಕಿರತ್ತೆ, ತಾನೇ ತಾನಾಗಿ ಸದ್ದು ಏರಿಸತ್ತೆ ಇಳಿಸತ್ತೆ, ತಂಬೂರಿ ಶ್ರುತೀನ ಹಿನ್ನೆಲೆ ಗಲಾಟೆ ಅಂತ ತಿಳ್ಕೊಂಡು ಅಳಿಸಿಬಿಡತ್ತೆ. ಸೌಂಡ್ ಸೆಟ್ಟಿಂಗ್ಸಲ್ಲಿ ಆ ಇನ್‌ಪುಟ್‌ಗೆ ಹೋಗಿ ಅದನ್ನೆಲ್ಲ ಆಫ್ ಮಾಡಿ. ಆಮೇಲೆ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡ್ಕೊಳ್ಳಿ, ಫ್ರೀ, 2000ನೇ ಇಸವಿಯಿಂದ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದಕ್ಕೂ ಬರತ್ತೆ. ಕ್ಯಾಸೆಟ್‌ನಲ್ಲಿ ಅತಿ ಜೋರಾಗಿರೋ ಜಾಗ ಹುಡುಕಿ, ಅಲ್ಲಿ ಮೀಟರ್ ಮೈನಸ್ 6 ಡಿಬಿ ಹತ್ರ ಬರೋ ಹಾಗೆ ಲೆವೆಲ್ ಇಡಿ. ಸೊನ್ನೆ ಮುಟ್ಟಿ ಕೆಂಪಾದ್ರೆ ಅಲ್ಲಿ ಧ್ವನಿ ಶಾಶ್ವತವಾಗಿ ಕತ್ತರಿಸಿ ಹೋದಂಗೆ. ಮುಗಿದ್ಮೇಲೆ ವೇವ್ ಫೈಲ್ ಆಗಿ, ಅಂದ್ರೆ ಒತ್ತಿ ಚಿಕ್ಕದು ಮಾಡದ ಧ್ವನಿ ಫೈಲ್ ಆಗಿ, ಇಟ್ಕೊಳ್ಳಿ.

ಹಮ್ ಅಂತ 50 ಹರ್ಟ್ಜ್ ಗುನುಗು ಬಂದ್ರೆ ಚಾರ್ಜರ್ ಕಿತ್ತು ಬ್ಯಾಟರೀಲಿ ಓಡಿಸಿ ನೋಡಿ, ತುಂಬ ಸಲ ಅಲ್ಲಿಗೇ ಹೋಗತ್ತೆ.

ವಿಜಯನಗರ_ಕೇಳುಗ

ಎಂಪಿ3ನಲ್ಲೇ ರೆಕಾರ್ಡ್ ಮಾಡಿದ್ರೆ ಆಗಲ್ವಾ? ಜಾಗ ಉಳಿಯತ್ತೆ. ಕ್ಯಾಸೆಟ್‌ನ ಕ್ವಾಲಿಟೀನೇ ಅಷ್ಟಕ್ಕಷ್ಟೆ, ಅದಕ್ಕೆ ವೇವ್ ಫೈಲ್ ಯಾಕೆ?

ಯಲಹಂಕ_ಆಡಿಯೋ

ಕೇಳೋಕೆ ಎಂಪಿ3 ಖಂಡಿತ ಸಾಕು. ಇಡೋಕೆ ಬೇಡ. ಆಮೇಲೆ ನೀವು ಸ್ಪೀಡ್ ಸರಿ ಮಾಡ್ಬೇಕು, ಗಲಾಟೆ ಕಡಿಮೆ ಮಾಡ್ಬೇಕು ಅಂತ ಕೂತಾಗ ಎಂಪಿ3 ಎಸೆದಿರೋ ಭಾಗ ಎಲ್ಲ ಬಾಯ್ತೆರೆಯತ್ತೆ, ಪ್ರತಿ ಸಲ ಸೇವ್ ಮಾಡಿದಾಗ ಇನ್ನಷ್ಟು ಹೋಗತ್ತೆ. ಜಾಗದ ಲೆಕ್ಕ ನೋಡಿ: 16 ಬಿಟ್, 44.1 ಕಿಲೋಹರ್ಟ್ಜ್ ಸ್ಟೀರಿಯೋ (ಸೀಡಿ ಗುಣಮಟ್ಟ) ಒಂದು ಗಂಟೆಗೆ ಸುಮಾರು 635 ಎಂಬಿ. ಒಂದು ಸಿ60 ಕ್ಯಾಸೆಟ್ ಪೂರ್ತಿ ಅಷ್ಟೇ. ಫ್ಲಾಕ್ ಅನ್ನೋ ಫಾರ್ಮ್ಯಾಟ್‌ಗೆ ಮಾಡಿದ್ರೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯತ್ತೆ, ಒಂದು ಬಿಟ್ಟೂ ಕಳೆದುಹೋಗಲ್ಲ. ನೂರು ಕ್ಯಾಸೆಟ್ ಆದ್ರೂ ಇವತ್ತಿನ ಪೆನ್‌ಡ್ರೈವಲ್ಲಿ ಆರಾಮಾಗಿ ಕೂರತ್ತೆ.

ಬಸವೇಶ್ವರನಗರ_ಆರ್ಕೈವ್

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕೊಟ್ಟಿರೋ ಮಾರ್ಗಸೂಚೀಲಿ ಕನಿಷ್ಠ 24 ಬಿಟ್, 48 ಕಿಲೋಹರ್ಟ್ಜ್, ಸಾಧ್ಯ ಆದ್ರೆ 96 ಕಿಲೋಹರ್ಟ್ಜ್ ಇಟ್ಕೊಳ್ಳಿ ಅಂತ ಇದೆ. ಅಜ್ಜಿ ಹಾಡು ಮತ್ತೆ ರೆಕಾರ್ಡ್ ಮಾಡೋಕೆ ಆಗದೆ ಇರೋ ವಸ್ತು. ಅದಕ್ಕೆ 16 ಬಿಟ್ ಅಂತ ಯಾಕೆ ಕಂಜೂಸ್ ಮಾಡೋದು?

ಯಲಹಂಕ_ಆಡಿಯೋ

ಸಂಗ್ರಹಾಲಯಕ್ಕೆ ಆ ನಿಯಮ ಸರೀನೇ. ಆದ್ರೆ ಮನೇಲಿ ರೆಕಾರ್ಡ್ ಮಾಡಿದ ಫೆರಿಕ್ (ಸಾಮಾನ್ಯ ಬಗೆಯ) ಕ್ಯಾಸೆಟ್‌ನಲ್ಲಿ ಅತಿ ಜೋರು ಸದ್ದಿಗೂ ಟೇಪಿನ ಸುಸ್ಸ್ ಸದ್ದಿಗೂ ಇರೋ ಅಂತರ 50 ಡಿಬಿ ಆಸುಪಾಸು, 16 ಬಿಟ್‌ನಲ್ಲಿ 96 ಡಿಬಿ ಜಾಗ ಇದೆ. 24 ಬಿಟ್ ಕೊಡೋ ಇಂಟರ್‌ಫೇಸ್ ಇದ್ರೆ ಹಾಕಿ, ಲೆವೆಲ್ ಇಡೋದು ನಿರಾಳ ಆಗತ್ತೆ. ಇಲ್ಲ ಅನ್ನೋ ಒಂದೇ ಕಾರಣಕ್ಕೆ ಇನ್ನೂ ಎರಡು ವರ್ಷ ಮುಂದಕ್ಕೆ ಹಾಕೋದು ಮಾತ್ರ ಬೇಡ, ಬೂಷ್ಟು ಕಾಯಲ್ಲ.

ಬಸವೇಶ್ವರನಗರ_ಆರ್ಕೈವ್

ಕಾಯಬಾರದು ಅನ್ನೋದು ನೂರಕ್ಕೆ ನೂರು ಒಪ್ತೀನಿ. ಹಾಗೇ ಯಾವ ಕ್ಯಾಸೆಟ್ ಮೊದಲು ಅನ್ನೋದನ್ನೂ ಹೇಳ್ಬಿಡ್ತೀನಿ. ಅಂಗಡೀಲಿ ಕೊಂಡ ಭಾವಗೀತೆ ಕ್ಯಾಸೆಟ್‌ಗಳು ಕೊನೆಗೆ. ಅವುಗಳ ಮಾಸ್ಟರ್ ಕಂಪನಿಗಳ ಹತ್ರ ಇದೆ, ಬಹಳಷ್ಟು ನಿಮಗಿಂತ ಚೆನ್ನಾಗಿ ಡಿಜಿಟಲ್ ಆಗಿ ಸಿಗ್ತಿವೆ. ಅಜ್ಜಿ ಕ್ಯಾಸೆಟ್‌ಗೆ ಇಡೀ ಪ್ರಪಂಚದಲ್ಲಿ ಇನ್ನೊಂದು ಪ್ರತಿ ಇಲ್ಲ. ಆಕಾಶವಾಣಿಯಿಂದ ಅಪ್ಪ ಹಿಡಿದಿದ್ದು ನಡುವೆ ಬರತ್ತೆ, ಕೆಲವು ಕಚೇರಿಗಳ ಮೂಲ ಟೇಪ್ ನಿಲಯದಲ್ಲಿ ಉಳಿದಿರಬಹುದು ಉಳಿಯದೇನೂ ಇರಬಹುದು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಪೆಂಡಾಲಲ್ಲಿ ಕೂತು ಟೇಪ್ ಮಾಡ್ಕೊಂಡೋರು ಈ ಊರಲ್ಲಿ ಎಷ್ಟೋ ಜನ ಇದ್ದಾರೆ, ಅವರ ಮನೆಗಳಲ್ಲಿರೋದೂ ಇದೇ ಜಾತಿ ಸಂಪತ್ತು.

ಮಲ್ಲೇಶ್ವರಂ_ಸಂಗೀತ

ಯಾರೂ ಅಜಿಮತ್, ಅಂದ್ರೆ ಹೆಡ್ ನಿಂತಿರೋ ಕೋನದ ಬಗ್ಗೆ ಹೇಳ್ಲಿಲ್ವಲ್ಲ! ಅಜ್ಜಿ ಹಾಡು ಕಂಬಳಿ ಹೊದ್ಕೊಂಡು ಹಾಡಿದ ಹಾಗೆ ಮಂಕಾಗಿ ಕೇಳಿದ್ರೆ ಟೇಪ್ ಹಾಳಾಗಿದೆ ಅಂತ ತೀರ್ಮಾನ ಮಾಡ್ಬೇಡಿ, ಹೆಡ್ ಓರೆ ಆಗಿರತ್ತೆ ಅಷ್ಟೇ.

ರಾಜಾಜಿನಗರ_ಟೇಪ್‌ರಿಪೇರಿ

ಹೌದು ಮೇಡಂ, ಅದನ್ನ ಬಿಡಿಸಿ ಹೇಳ್ಬೇಕು ಅಂತಾನೇ ಇದ್ದೆ. ಕ್ಯಾಸೆಟ್ ಟೇಪ್ ಓಡೋದು ಸೆಕೆಂಡಿಗೆ 4.76 ಸೆಂಟಿಮೀಟರ್, ಅಂದ್ರೆ ತುಂಬ ನಿಧಾನ. ಹಾಗಾಗಿ 10,000 ಹರ್ಟ್ಜ್ ಸದ್ದಿನ ಒಂದು ಅಲೆ ಟೇಪ್ ಮೇಲೆ 5 ಮೈಕ್ರಾನ್‌ಗಿಂತ ಕಡಿಮೆ ಜಾಗದಲ್ಲಿ ಕೂತಿರತ್ತೆ. ರೆಕಾರ್ಡ್ ಮಾಡಿದ ಮೆಷಿನ್ನಿನ ಹೆಡ್ ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ನಿಮ್ಮ ಹೆಡ್ ನಿಂತ್ರೆ ಮಾತ್ರ ಆ ಸಣ್ಣ ಅಲೆಗಳು ಓದಕ್ಕೆ ಸಿಗೋದು, ಕೂದಲೆಳೆಯಷ್ಟು ವಾಲಿದ್ರೂ ಸ, ಶ, ತಾಳದ ಟಿಣ್ ಎಲ್ಲ ಮಾಯ. ಸೋದರತ್ತೆ ರೆಕಾರ್ಡ್ ಮಾಡಿದ ಟೂ-ಇನ್-ಒನ್ ಹೆಡ್ ವಾರೆ ಇದ್ರೆ ನಿಮ್ಮ ಡೆಕ್ಕಿನ ಹೆಡ್ಡೂ ಅಷ್ಟೇ ವಾರೆ ಮಾಡ್ಬೇಕು.

ಹೆಡ್ ಪಕ್ಕ ಎರಡು ಸ್ಕ್ರೂ ಇರತ್ತೆ, ಅದರಲ್ಲಿ ಒಂದರ ಕೆಳಗೆ ಸ್ಪ್ರಿಂಗ್ ಇರತ್ತೆ, ಅದೇ ಅಜಿಮತ್ ಸ್ಕ್ರೂ. ಕೆಲವು ಮೆಷಿನ್ನಲ್ಲಿ ಕ್ಯಾಸೆಟ್ ಓಡ್ತಿರೋವಾಗ್ಲೇ ಸ್ಕ್ರೂಡ್ರೈವರ್ ಹೋಗೋ ಹಾಗೆ ಪುಟ್ಟ ರಂಧ್ರ ಬಿಟ್ಟಿರ್ತಾರೆ. ಅಯಸ್ಕಾಂತ ಇಲ್ಲದ ಸ್ಕ್ರೂಡ್ರೈವರ್ ತಗೊಳ್ಳಿ, ಕ್ಯಾಸೆಟ್ ಓಡಿಸಿ, ಹೆಡ್‌ಫೋನ್ ಹಾಕ್ಕೊಂಡು ತೀರಾ ನಿಧಾನ ಒಂದು ಕಡೆಗೆ ತಿರುಗಿಸಿ, ಮಂಕಾದ್ರೆ ಇನ್ನೊಂದು ಕಡೆಗೆ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗೋದು ಅಪರೂಪ. ಸುಸ್ಸ್ ಸದ್ದು ಮತ್ತೆ ಸಕಾರ ಎರಡೂ ಒಟ್ಟಿಗೆ ಚುರುಕಾಗಿ ಮುಂದೆ ಬರೋ ಒಂದು ಬಿಂದು ಸಿಗತ್ತೆ, ಅಲ್ಲಿ ನಿಲ್ಲಿಸಿ. ಎಡ ಬಲ ಸೇರಿಸಿ ಮಾನೋ ಮಾಡಿ ಕೇಳಿದ್ರೆ ಆ ಬಿಂದು ಇನ್ನೂ ಸ್ಪಷ್ಟ ಸಿಗತ್ತೆ. ಪ್ರತಿ ಮೆಷಿನ್ನಲ್ಲಿ ರೆಕಾರ್ಡ್ ಆದ ಕ್ಯಾಸೆಟ್ ಗುಂಪಿಗೂ ಇದನ್ನ ಮತ್ತೆ ಮಾಡ್ಬೇಕು, ಆಟೋ ರಿವರ್ಸ್ ಡೆಕ್ ಆದ್ರೆ ಎರಡು ದಿಕ್ಕಿಗೂ ಬೇರೆ ಬೇರೆ.

ಡಾಲ್ಬಿ (ಸುಸ್ಸ್ ಸದ್ದು ತಗ್ಗಿಸೋ ವ್ಯವಸ್ಥೆ) ಬಟನ್ ಇದ್ರೆ ಮನೆ ರೆಕಾರ್ಡಿಂಗ್‌ಗೆ ಆಫಲ್ಲೇ ಇರ್ಲಿ. ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ್ದಕ್ಕೆ ಮಾತ್ರ ಪ್ಲೇ ಮಾಡುವಾಗ ಡಾಲ್ಬಿ, ಇಲ್ಲದಿದ್ದಕ್ಕೆ ಹಾಕಿದ್ರೆ ಮೇಲಿನ ಸ್ವರ ಎಲ್ಲ ನುಂಗಿಬಿಡತ್ತೆ.

ಮಲ್ಲೇಶ್ವರಂ_ಸಂಗೀತ

ಸ್ಪೀಡ್ ಬಗ್ಗೆ ನಾನು ಸ್ವಲ್ಪ ಉದ್ದ ಬರೀತೀನಿ, ಸಂಗೀತ ಕಲಿಸೋಳು ನಾನು, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಶೇಕಡಾ 6 ಸ್ಪೀಡ್ ಜಾಸ್ತಿ ಆದ್ರೆ ಇಡೀ ಹಾಡು ಒಂದು ಸ್ವರಸ್ಥಾನ ಮೇಲೆ ಹೋಗತ್ತೆ. ಐದು ಮನೆ ಶ್ರುತೀಲಿ ಹಾಡ್ತಿದ್ದ ಹೆಂಗಸು ಐದೂವರೆ ಮನೇಲಿ ಹಾಡಿದ ಹಾಗೆ ಕೇಳತ್ತೆ, ಧ್ವನಿ ತೆಳು ಆಗತ್ತೆ, ಗಮಕಗಳೆಲ್ಲ ಅವಸರ ಪಡತ್ತೆ. ಮೊಮ್ಮಕ್ಕಳು ಅದನ್ನೇ ಕೇಳಿ ಅಜ್ಜಿ ಕಂಠ ಹೀಗಿತ್ತು ಅಂತ ತಿಳ್ಕೋತಾರೆ. ಅದು ಅವರ ಕಂಠ ಅಲ್ಲ.

ಕರೆಂಟ್ ಇಲ್ಲದಾಗ ಸೆಲ್ ಹಾಕಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಸೆಲ್ ಇಳಿತಾ ಬಂದ ಹಾಗೆ ರೆಕಾರ್ಡಿಂಗ್ ಮೋಟರ್ ನಿಧಾನ ಆಗಿರತ್ತೆ, ಅದನ್ನ ಈಗ ಸರಿಯಾದ ಸ್ಪೀಡಲ್ಲಿ ಓಡಿಸಿದ್ರೆ ಹಾಡು ಮುಂದೆ ಹೋಗ್ತಾ ಹೋಗ್ತಾ ಶ್ರುತಿ ಏರ್ತಾ ಹೋಗತ್ತೆ. ಕ್ಯಾಸೆಟ್ ಕೊನೇಲಿ ಅಜ್ಜಿ ಧ್ವನಿ ಮಗು ಥರ ಕೇಳಿದ್ರೆ ಇದೇ ಕಾರಣ. ಒಂದೊಂದು ಹಾಡನ್ನ ಬೇರೆ ಬೇರೆ ತಗೊಂಡು ಸರಿ ಮಾಡ್ಬೇಕಾಗತ್ತೆ.

ಹಾರ್ಮೋನಿಯಮ್ಮೋ ಶ್ರುತಿಪೆಟ್ಟಿಗೇನೋ ಹಿಂದೆ ಕೇಳ್ತಿದ್ರೆ, ಆ ವಾದ್ಯ ಇನ್ನೂ ಮನೇಲಿದ್ರೆ ಅದನ್ನೇ ಎದುರಿಗಿಟ್ಟು ತಾಳೆ ನೋಡಿ, ಅದಕ್ಕಿಂತ ಒಳ್ಳೆ ಅಳತೆ ಇಲ್ಲ. ಬರೀ ಬಾಯಲ್ಲಿ ಹಾಡಿದ ಹಾಡಿಗೆ ಏನು ಮಾಡೋದು ಅಂತ ಯಲಹಂಕದೋರು ಹೇಳ್ಬಹುದು.

ಯಲಹಂಕ_ಆಡಿಯೋ

ಅದಕ್ಕೊಂದು ದಾರಿ ಇದೆ, ನನಗೆ ತುಂಬ ಇಷ್ಟದ್ದು. ಕರೆಂಟಲ್ಲಿ ಓಡ್ತಿದ್ದ ಟೇಪ್ ರೆಕಾರ್ಡರ್ ಆದ್ರೆ ಮನೆ ಕರೆಂಟಿನ ಗುನುಗು ಸಣ್ಣದಾಗಿ ಹಾಡಿನ ಜೊತೆಗೇ ರೆಕಾರ್ಡ್ ಆಗಿರತ್ತೆ. ನಮ್ಮಲ್ಲಿ ಅದು 50 ಹರ್ಟ್ಜ್, ಅದರ ದುಪ್ಪಟ್ಟು 100. ಅಜ್ಜಿ ಉಸಿರು ತಗೊಳ್ಳೋ ಖಾಲಿ ಜಾಗಗಳನ್ನ ಸೆಲೆಕ್ಟ್ ಮಾಡಿ ಆಡಾಸಿಟೀಲಿ ಪ್ಲಾಟ್ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸೋ ಗ್ರಾಫ್) ತೆಗೀರಿ, ಸೈಜ್ ದೊಡ್ಡದು ಇಟ್ಕೊಳ್ಳಿ. 100ರ ಹತ್ರ ಒಂದು ಚೂಪು ಶಿಖರ ಕಾಣತ್ತೆ. ಅದು 104ರಲ್ಲಿ ನಿಂತಿದ್ರೆ ನಿಮ್ಮ ಡೆಕ್ ಆ ಟೇಪನ್ನ ಶೇಕಡಾ 4 ವೇಗವಾಗಿ ಓಡಿಸ್ತಿದೆ ಅಂತ ಅರ್ಥ, ಚೇಂಜ್ ಸ್ಪೀಡ್ ಅಂಡ್ ಪಿಚ್‌ನಲ್ಲಿ 0.9615 ಹಾಕಿದ್ರೆ ಸರಿಯಾಗತ್ತೆ. ಸರಿಯಾಗಿ 100ರಲ್ಲೇ ಇನ್ನೊಂದು ಶಿಖರ ಇದ್ರೆ ಅದು ನಿಮ್ಮ ಈಗಿನ ಮನೆ ವೈರಿನ ಗುನುಗು, ಅದನ್ನ ಲೆಕ್ಕಕ್ಕೆ ತಗೋಬೇಡಿ, ಟೇಪ್ ನಿಲ್ಲಿಸಿ ಬರೀ ಖಾಲಿ ರೆಕಾರ್ಡ್ ಮಾಡಿ ನೋಡಿದ್ರೆ ಯಾವುದು ಯಾವುದು ಅಂತ ತಿಳಿಯತ್ತೆ.

ಒಂದು ಎಚ್ಚರಿಕೆ. ಆಗಿನ ಕಾಲದಲ್ಲಿ ಕರೆಂಟ್ ಕೊರತೆ ಇದ್ದಾಗ ಲೈನಿನ ಫ್ರೀಕ್ವೆನ್ಸಿ 50ಕ್ಕಿಂತ ಕೆಳಗೆ ಇಳೀತಿತ್ತು, ಹಾಗಾಗಿ ಇದು ಅಂದಾಜು ಹತ್ರ ತಂದು ನಿಲ್ಲಿಸತ್ತೆ, ಕೊನೇ ತೀರ್ಪು ಧ್ವನಿ ಗುರುತಿರೋ ಮನೆಯವರ ಕಿವೀನೇ ಕೊಡ್ಬೇಕು. ಎಲ್ಲ ಟೇಪೂ ಒಂದೇ ಥರ ವೇಗ ಇದ್ರೆ ಡೆಕ್‌ನದ್ದೇ ದೋಷ, ತುಂಬ ಮೋಟರ್‌ಗಳ ಹಿಂಭಾಗದಲ್ಲಿ ಸ್ಪೀಡ್ ಹೊಂದಿಸೋ ಪುಟ್ಟ ರಂಧ್ರ ಇರತ್ತೆ, ಅಲ್ಲೇ ಸರಿ ಮಾಡ್ಕೊಳ್ಳಿ.

ಹನುಮಂತನಗರ_ವಾಸಿ

ಇಷ್ಟೆಲ್ಲ ಇದ್ಯಾ ಇದರಲ್ಲಿ! ಎಲ್ಲ ಬರ್ಕೊಂಡಿದೀನಿ. ಚಿಕ್ಕಪ್ಪನ ಮನೇಲಿ ಡೆಕ್ ಸಿಕ್ತು, ಸೋದರತ್ತೆ ಇನ್ನೂ ಇದ್ದಾರೆ, ಸ್ಪೀಡ್ ವಿಷಯಕ್ಕೆ ಅವರನ್ನೇ ಕೂರಿಸಿ ಕೇಳಿಸ್ತೀನಿ.

ಧಾರವಾಡ_ಈಗ_ಬಿಟಿಎಂ

ನಮಸ್ಕಾರರಿ. ನಮ್ಮ ಅಜ್ಜಾರು ಭಜನಿ ಪದ, ತತ್ವಪದ ಹಾಡಿದ್ದು ಕ್ಯಾಸೆಟ್ ಅದಾವ್ರಿ. ಒಂದರಾಗ ಟೇಪ ಹರದೈತಿ, ಇನ್ನೊಂದರಾಗ ಧ್ವನಿ ಬಂದ್ ಬಂದ್ ಹೋಗತೈತಿ, ಬಟ್ಟಿನಿಂದ ಒತ್ತಿ ಹಿಡದ್ರ ಬರತೈತಿ. ಸೆಲೋಟೇಪ್ ಹಚ್ಚಿ ಜೋಡಿಸಬಹುದೇನ್ರಿ?

ರಾಜಾಜಿನಗರ_ಟೇಪ್‌ರಿಪೇರಿ

ಸೆಲೋಟೇಪ್ ಬೇಡ ಸಾರ್, ಅದರ ಅಂಟು ಕಾಲಕ್ರಮೇಣ ಒಸರಿ ಪಕ್ಕದ ಸುತ್ತಿಗೆ ಹಿಡ್ಕೊಳತ್ತೆ, ಹೆಡ್‌ಗೂ ಮೆತ್ಕೊಳತ್ತೆ. ಕ್ಯಾಸೆಟ್‌ಗೆ ಅಂತಾನೇ ಸ್ಪ್ಲೈಸಿಂಗ್ ಟೇಪ್ ಬರತ್ತೆ, ತರಿಸ್ಕೊಳ್ಳಿ. ಎರಡು ತುದೀನೂ ಒಂದರ ಮೇಲೊಂದಿಟ್ಟು ಒಂದೇ ಸಲಕ್ಕೆ ಓರೆಯಾಗಿ ಕತ್ತರಿಸಿ, ಆಮೇಲೆ ಮೇಲೇರದ ಹಾಗೆ ತುದಿಗೆ ತುದಿ ತಾಗಿಸಿ, ಬೆನ್ನಿನ ಕಡೆ ಅಂಟಿಸಿ, ಹೆಡ್‌ಗೆ ತಾಗೋ ಕಡೆ ಅಲ್ಲ. ಅಂಚಿಗೆ ಹೊರಗೆ ಬಂದಿದ್ರೆ ಬ್ಲೇಡಲ್ಲಿ ಸವರಿ.

ಬೆರಳಿಂದ ಒತ್ತಿದ್ರೆ ಬರತ್ತೆ ಅಂದ್ರಲ್ಲ, ಅಲ್ಲಿ ಪ್ರೆಷರ್ ಪ್ಯಾಡ್ ಬಿದ್ದುಹೋಗಿದೆ. ಕ್ಯಾಸೆಟ್ ಬಾಯಿ ಮಧ್ಯ ತಾಮ್ರದ ಬಣ್ಣದ ತೆಳು ಪಟ್ಟಿ ಮೇಲೆ ಬೆರಳುಗುರಿಗಿಂತ ಸಣ್ಣ ಉಣ್ಣೆ ತುಂಡು ಇರತ್ತೆ, ಅದು ಟೇಪನ್ನ ಹೆಡ್‌ಗೆ ಒತ್ತಿ ಹಿಡಿಯೋದು. ಹಳೆ ಅಂಟು ಒಣಗಿ ಬಿದ್ದಿರತ್ತೆ. ಸುಲಭ ದಾರಿ ಅಂದ್ರೆ ಬೇಡದ ಕ್ಯಾಸೆಟ್ ಒಂದು ತಗೊಂಡು ಅದರ ಚಿಪ್ಪಿಗೆ ಅಜ್ಜನ ಟೇಪ್ ಸುರುಳಿ ಎರಡನ್ನೂ ವರ್ಗಾಯಿಸೋದು. ಐದು ಸ್ಕ್ರೂ ಇರೋ ಕ್ಯಾಸೆಟ್ ಆರಿಸ್ಕೊಳ್ಳಿ, ಬಿಚ್ಚೋಕೆ ಆಗತ್ತೆ. ಅಜ್ಜನ ಕ್ಯಾಸೆಟ್‌ಗೆ ಸ್ಕ್ರೂ ಇಲ್ಲದೆ ಅಂಟಿಸಿರೋ ಚಿಪ್ಪು ಇದ್ರೆ ಸಂಧೀಲಿ ಬ್ಲೇಡ್ ಇಟ್ಟು ಸುತ್ತ ನಿಧಾನಕ್ಕೆ ಬಿಡಿಸ್ಬೇಕು, ಟೇಪ್ ಇರೋ ಕಡೆ ಬ್ಲೇಡ್ ಆಳಕ್ಕೆ ಇಳೀಬಾರ್ದು. ಬಿಳಿ ಬಟ್ಟೆ ಹಾಸಿ, ಫ್ಯಾನ್ ಆಫ್ ಮಾಡಿ, ಬಿಚ್ಚೋ ಮುಂಚೆ ಫೋನಲ್ಲಿ ಫೋಟೋ ತೆಕ್ಕೊಂಡು ಕೂತ್ಕೊಳ್ಳಿ. ರೋಲರ್ ಎಲ್ಲಿತ್ತು, ಟೇಪ್ ಯಾವುದರ ಹಿಂದೆ ಹಾದಿತ್ತು ಅಂತ ಆಮೇಲೆ ನೆನಪಿರಲ್ಲ.

ಇನ್ನೊಂದು, ಸಿ120 ಕ್ಯಾಸೆಟ್ ಇದ್ರೆ ಜೋಪಾನ, ಅದರ ಟೇಪ್ ಸುಮಾರು 9 ಮೈಕ್ರಾನ್ ದಪ್ಪ ಅಷ್ಟೆ, ಸಿ60 ಅದರ ಎರಡರಷ್ಟು ಇರತ್ತೆ. ಅದನ್ನ ಫಾಸ್ಟ್ ಫಾರ್ವರ್ಡ್, ರಿವೈಂಡ್ ಅಂತ ಎಳೆದಾಡಿಸ್ಬೇಡಿ. ಉಳಿದವನ್ನ ಪ್ಲೇ ಮಾಡೋ ಮುಂಚೆ ಒಂದು ಸಲ ಆ ತುದಿಯಿಂದ ಈ ತುದಿಗೆ ಸುತ್ತಿಸಿದ್ರೆ ಅಂಟ್ಕೊಂಡಿರೋ ಸುತ್ತು ಬಿಡತ್ತೆ.

ಧಾರವಾಡ_ಈಗ_ಬಿಟಿಎಂ

ಭಾಳ ಉಪಕಾರ ಆತ್ರಿ. ಹಂಗ ಮಾಡ್ತೇನ್ರಿ.

ವಿಜಯನಗರ_ಕೇಳುಗ

ಸುಸ್ಸ್ ಸದ್ದು ತೆಗೆಯೋಕೆ ನಾಯ್ಸ್ ರಿಡಕ್ಷನ್ ಪೂರ್ತಿ ಹಾಕಿದ್ರೆ ಕ್ಲೀನ್ ಆಗಿ ಕೇಳತ್ತಲ್ಲ, ಈಗಂತೂ ಎಐ ಟೂಲ್‌ಗಳು ಒಂದೇ ಕ್ಲಿಕ್‌ಗೆ ಮಾಡ್ತವೆ.

ಮಲ್ಲೇಶ್ವರಂ_ಸಂಗೀತ

ಬೇಡ ಬೇಡ. ಪೂರ್ತಿ ಹಾಕಿದ್ರೆ ಧ್ವನಿ ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನತ್ತೆ, ಸ್ವರದ ತುದಿಗಳು ಹೋಗತ್ತೆ. ಸುಸ್ಸ್ ಸದ್ದಿಗೆ ಕಿವಿ ಎರಡು ನಿಮಿಷದಲ್ಲಿ ಒಗ್ಗತ್ತೆ, ಗಾಯವಾದ ಧ್ವನಿಗೆ ಒಗ್ಗಲ್ಲ. ಬೇಕೇ ಬೇಕಾದ್ರೆ 6 ಡಿಬಿ ಅಷ್ಟು ಮಾತ್ರ, ಅದೂ ಕೇಳೋ ಪ್ರತಿಗೆ. ಎಐ ಟೂಲ್‌ಗಳಲ್ಲಿ ಬಹಳಷ್ಟು ಮಾತಿಗೆ ಅಂತ ಕಲಿತಿರೋವು, ಜಾರು ಗಮಕವನ್ನ, ಹಿಂದೆ ತಂಬೂರಿಯನ್ನ ಅವು ಗಲಾಟೆ ಅಂತ ಎತ್ತಿ ಎಸೀತವೆ. ಮೂಲ ರೆಕಾರ್ಡಿಂಗ್ ಫೈಲನ್ನ ಯಾವ ಕಾರಣಕ್ಕೂ ಮುಟ್ಟಬಾರದು, ಮುಂದೆ ಇನ್ನೂ ಒಳ್ಳೆ ಟೂಲ್ ಬಂದಾಗ ಕೈಯಲ್ಲಿ ಇರ್ಬೇಕಾದ್ದು ಅದೇ.

ಯಲಹಂಕ_ಆಡಿಯೋ

ಸರಿಯಾಗಿ ಹೇಳಿದ್ರಿ. ಇನ್ನೊಂದು ಸೇರಿಸ್ತೀನಿ, ಸೋದರತ್ತೆಯ ಟೂ-ಇನ್-ಒನ್ ಮಾನೋ ಆಗಿದ್ರೆ ಎರಡೂ ಚಾನಲ್‌ನಲ್ಲಿ ಒಂದೇ ಹಾಡು ಬರತ್ತೆ. ಆದ್ರೂ ಸ್ಟೀರಿಯೋದಲ್ಲೇ ರೆಕಾರ್ಡ್ ಮಾಡಿ. ಟೇಪಿನ ಒಂದು ಅಂಚು ಸವೆದಿದ್ರೆ ಇನ್ನೊಂದು ಚಾನಲ್ ಚೆನ್ನಾಗಿರತ್ತೆ, ಆಗ ಅದನ್ನ ಮಾತ್ರ ಇಟ್ಕೋಬಹುದು. ಮೊದಲೇ ಬೆರೆಸಿಬಿಟ್ರೆ ಬೇರೆ ಮಾಡೋಕಾಗಲ್ಲ.

ಜಯನಗರ_ಓದುಗಿ

ಒಂದು ಕಾನೂನಿನ ಪ್ರಶ್ನೆ. ಕೊಂಡ ಕ್ಯಾಸೆಟ್‌ಗಳನ್ನೂ ಡಿಜಿಟಲ್ ಮಾಡಿ ಯೂಟ್ಯೂಬ್‌ಗೆ ಹಾಕ್ಬಹುದಾ? ಎಷ್ಟೋ ಜನ ಹಾಕ್ತಾರೆ.

ಬಸವೇಶ್ವರನಗರ_ಆರ್ಕೈವ್

ಸ್ವಂತಕ್ಕೆ ಕೇಳೋಕೆ ಪ್ರತಿ ಮಾಡ್ಕೊಳ್ಳೋದು ಬೇರೆ, ಸಾರ್ವಜನಿಕವಾಗಿ ಹಾಕೋದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೇಲಿ ಖಾಸಗಿ ಬಳಕೆಗೆ ರಿಯಾಯಿತಿ ಇದೆ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರತ್ತೆ, ಅಂದ್ರೆ 1984ರಲ್ಲಿ ಬಂದ ಕ್ಯಾಸೆಟ್‌ಗೆ 2044ರ ಕೊನೆ ತನಕ. ಹಾಡಿನ ಸಾಹಿತ್ಯಕ್ಕೆ ಕವಿಯ ಹಕ್ಕು ಬೇರೆ. ಕಚೇರೀಲಿ ಕೂತು ಟೇಪ್ ಮಾಡಿದ್ದಕ್ಕೂ ಹಾಡಿದವರ ಹಕ್ಕು 50 ವರ್ಷ ಇದೆ, ಅವರನ್ನೋ ಅವರ ಮನೆಯವರನ್ನೋ ಕೇಳದೆ ಹಾಕೋದು ಸರಿಯಲ್ಲ. ಅಜ್ಜಿ ಹಾಡು ನಿಮ್ಮ ಕುಟುಂಬದ್ದು, ಎಲ್ಲರೂ ಒಪ್ಪಿದ್ರೆ ಧಾರಾಳವಾಗಿ ಹಾಕಿ, ಸಂಪ್ರದಾಯದ ಹಾಡು ಹುಡುಕ್ತಿರೋರು ತುಂಬ ಜನ ಇದ್ದಾರೆ.

ಹನುಮಂತನಗರ_ವಾಸಿ

ಎಲ್ರಿಗೂ ಒಂದು ವರದಿ. ಅಜ್ಜಿ ಕ್ಯಾಸೆಟ್‌ಗಳಲ್ಲಿ ಬೂಷ್ಟು ಇಲ್ಲದವು ಎಲ್ಲ ಮುಗೀತು. ಅಜಿಮತ್ ಸ್ಕ್ರೂ ತಿರುಗಿಸಿದಾಗ ನಿಜವಾಗ್ಲೂ ಬೇರೆ ಕ್ಯಾಸೆಟ್ಟೇ ಹಾಕಿದ ಹಾಗಾಯ್ತು, ಬಳೆ ಸದ್ದು ಕೂಡ ಕೇಳ್ತಿದೆ. ಸ್ಪೀಡ್ ಶೇಕಡಾ 3ರಷ್ಟು ಜಾಸ್ತಿ ಇತ್ತು, ಗುನುಗಿನ ಲೆಕ್ಕದಲ್ಲಿ ಸರಿ ಮಾಡಿ ಸೋದರತ್ತೆಗೆ ಕೇಳಿಸಿದೆ, ಮೊದಲನೆಯದನ್ನ ಕೇಳಿ ತಲೆ ಅಲ್ಲಾಡಿಸಿದ್ರು, ಎರಡನೆಯದಕ್ಕೆ ಇದು ಅಮ್ಮ ಅಂದ್ರು.

ಹಾಡುಗಳ ನಡುವೆ ಅಜ್ಜಿ ಮಾತಾಡ್ತಾರೆ ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ. ಈ ಹಾಡು ನಾಂದಿ ದಿನ ಹೇಳೋದು, ಇದು ಹೆಣ್ಣಿನ ಕಡೆಯವರು ಮಾತ್ರ ಹೇಳೋದು, ಈ ನುಡಿ ನಮ್ಮತ್ತೆ ಹೀಗೆ ಹೇಳ್ತಿದ್ರು ನಮ್ಮಮ್ಮ ಹಾಗೆ ಹೇಳ್ತಿದ್ರು, ಅಂತೆಲ್ಲ. ಒಂದು ಆರತಿ ಹಾಡು ಎರಡು ಸಲ ಹೇಳಿದ್ದಾರೆ, ಎರಡಕ್ಕೂ ಧಾಟಿ ಬೇರೆ. ಹಾಡು ಮಾತ್ರ ಕತ್ತರಿಸಿ ಇಡೋದಾ, ಮಾತೂ ಇರ್ಬೇಕಾ? ಫೈಲ್‌ಗಳಿಗೆ ಹೆಸರು ಹೇಗೆ ಇಡೋದು?

ಬಸವೇಶ್ವರನಗರ_ಆರ್ಕೈವ್

ದಯವಿಟ್ಟು ಒಂದು ಮಾತೂ ಕತ್ತರಿಸ್ಬೇಡಿ! ಯಾವ ಶಾಸ್ತ್ರಕ್ಕೆ ಯಾವ ಹಾಡು ಅನ್ನೋದು ಹಾಡಿನಷ್ಟೇ ಮುಖ್ಯ, ಪುಸ್ತಕಗಳಲ್ಲಿ ಹಾಡಿನ ಪಠ್ಯ ಸಿಕ್ಕಿದ್ರೂ ಈ ಮಾಹಿತಿ ಸಿಗೋದು ಕಡಿಮೆ. ಆಡಾಸಿಟೀಲಿ ಟ್ರಂಕೇಟ್ ಸೈಲೆನ್ಸ್ ಅಂತ ಸದ್ದಿಲ್ಲದ ಜಾಗ ಕತ್ತರಿಸೋದು ಇದೆ, ಮೂಲದ ಮೇಲೆ ಅದನ್ನ ಹಾಕ್ಲೇಬೇಡಿ. ಒಂದು ಬದಿ ಒಂದು ಫೈಲ್, ಶುರುವಿನ ಸುಸ್ಸ್‌ನಿಂದ ಕೊನೆಯ ಟಕ್ ತನಕ ಹಾಗೇ ಇರ್ಲಿ. ಅದರ ಇನ್ನೊಂದು ಪ್ರತಿ ಮೇಲೆ ಪ್ರತಿ ಹಾಡು ಶುರುವಾಗೋ ಕಡೆ ಲೇಬಲ್ ಹಾಕಿ, ಎಕ್ಸ್‌ಪೋರ್ಟ್ ಆಡಿಯೋದಲ್ಲಿ ಮಲ್ಟಿಪಲ್ ಫೈಲ್ಸ್ ಕೊಟ್ರೆ ಹಾಡುಗಳು ಬೇರೆ ಬೇರೆ ಎಂಪಿ3 ಆಗಿ ಬರತ್ತೆ, ಅದು ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸೋಕೆ.

ಹೆಸರಿಗೆ ಕ್ಯಾಸೆಟ್ ಮೇಲೆ ಒಂದು ನಂಬರ್ ಬರೀರಿ, ಫೈಲ್‌ಗೂ ಅದೇ ನಂಬರ್, ಬದಿ ಎ ಅಥವಾ ಬಿ, ಹಾಡಿದವರು, ವರ್ಷ ಗೊತ್ತಿದ್ರೆ ವರ್ಷ. ಕವರ್ ಮೇಲೆ ಸೋದರತ್ತೆ ಕೈಬರಹದಲ್ಲಿ ಪಟ್ಟಿ ಇದ್ರೆ ಎರಡೂ ಕಡೆ ಫೋಟೋ ತೆಗೆದು ಅದೇ ಫೋಲ್ಡರಲ್ಲಿ ಹಾಕಿ. ಯಾವ ಡೆಕ್, ಸ್ಪೀಡ್ ಎಷ್ಟು ಬದಲಾಯಿಸಿದ್ರಿ ಅಂತ ಒಂದು ಟೆಕ್ಸ್ಟ್ ಫೈಲಲ್ಲಿ ಎರಡು ಸಾಲು. ಮೂರು ಪ್ರತಿ ಮಾಡಿ, ಒಂದು ನಿಮ್ಮ ಹಾರ್ಡ್ ಡಿಸ್ಕಲ್ಲಿ, ಒಂದು ಬೇರೆ ಡ್ರೈವಲ್ಲಿ, ಒಂದು ಬೇರೆ ಊರಲ್ಲಿರೋ ನೆಂಟರ ಮನೇಲಿ.

ಸೋದರತ್ತೆ ಜೊತೆ ಕೂತು ಆ ಹಾಡುಗಳ ಪಠ್ಯ ಬರೆಸ್ಕೊಳ್ಳಿ, ಟೇಪಲ್ಲಿ ಅಸ್ಪಷ್ಟ ಇರೋ ಪದ ಅವರಿಗೆ ಮಾತ್ರ ಗೊತ್ತಾಗೋದು.

ಹನುಮಂತನಗರ_ವಾಸಿ

ಖಂಡಿತ ಮಾಡ್ತೀನಿ. ಕ್ಯಾಸೆಟ್‌ಗಳನ್ನ ಇನ್ನು ಎಸೀಬಹುದಾ ಅಂತ ಮನೇಲಿ ಕೇಳ್ತಿದ್ದಾರೆ.

ರಾಜಾಜಿನಗರ_ಟೇಪ್‌ರಿಪೇರಿ

ಬೇಡ. ರಿವೈಂಡ್ ಮಾಡಿ, ಕವರಲ್ಲಿ ಹಾಕಿ, ಬೀರುವಿನಲ್ಲಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ, ಸ್ಪೀಕರ್ ಪಕ್ಕ ಇಡಬೇಡಿ. ಬೂಷ್ಟು ಹಿಡಿದವು ಒಣಗಿದ್ಮೇಲೆ ಇಲ್ಲಿ ಹೇಳಿ, ಅವನ್ನ ಬಿಚ್ಚಿ ಒರೆಸೋದು ಹೇಗೆ ಅಂತ ಫೋಟೋ ಸಮೇತ ಹಾಕ್ತೀನಿ.